ಮನೆಯವರಿಗೆ ತರಿಸಿದ ಕೋಳಿಗಳು

ಕೋಳಿಗಳು ಬಂದ ದಿನ ಮನೆಯಲ್ಲಿ ಅವಕ್ಕೊಂದು ಗೂಡಿರಲಿಲ್ಲ. ಗೂಡು ಕಟ್ಟುತ್ತೇನೆಂದು ಮಾತು ಕೊಟ್ಟವನೂ ಇರಲಿಲ್ಲ.

ಭಾನುವಾರ ಬೆಳಗಿನ ಹೊತ್ತು. ಗೇಟಿನ ಮುಂದೆ ಟೆಂಪೊ ನಿಂತ ಸದ್ದಿಗೆ ಸೊಸೆ ಬಾಗಿಲು ತೆರೆದಳು. ಪುಕ್ಕ ಮೆತ್ತಿದ ಅಂಗಿಯ ಮನುಷ್ಯನೊಬ್ಬ ಪ್ಲಾಸ್ಟಿಕ್ ಕ್ರೇಟನ್ನು ಹೊಟ್ಟೆಗೆ ಆನಿಸಿಕೊಂಡು ಬಂದು ಮೆಟ್ಟಿಲ ಬಳಿ ಇಳಿಸಿದ. ಕ್ರೇಟಿನ ಕಿಂಡಿಗಳಿಂದ ಆರು ಕಂದು ತಲೆಗಳು ಹೊರಗೆ ಬಂದು ಒಂದೊಂದೂ ಒಂದೊಂದು ಕಡೆ ನೋಡಿದವು.

“ಡ್ರೈವರಣ್ಣ ಇಲ್ವಾ?” ಎಂದ. “ಕೋಳಿ ಫಾರ್ಮಿಂದ ಬಂದೆ. ಬುಕ್ ಮಾಡಿದ್ರಲ್ಲ, ಮೊಟ್ಟೆ ಕೋಳಿ. ಇನ್ನೇನು ಮೊಟ್ಟೆಗೆ ಬರ್ತವೆ. ಗೂಡು ರೆಡಿ ಇಟ್ಟಿರ್ತೀನಿ ಅಂದಿದ್ರು.”

ಗಂಡ ಹೋಗಿ ಎರಡು ತಿಂಗಳಾಗಿದ್ದರೂ ಯಾರಾದರೂ ‘ಇಲ್ವಾ?’ ಎಂದು ಕೇಳಿದರೆ ಏನು ಹೇಳಬೇಕೆಂಬುದು ಸೊಸೆಯ ನಾಲಿಗೆಗೆ ಇನ್ನೂ ರೂಢಿಯಾಗಿರಲಿಲ್ಲ. ಬರೀ ‘ಇಲ್ಲ’ ಎಂದರೆ ಎಲ್ಲೋ ಹೋಗಿದ್ದಾನೆ, ಸಂಜೆಗೆ ಬರುತ್ತಾನೆ ಎಂದಾಗುತ್ತಿತ್ತು.

“ಅವನು ತೀರಿಕೊಂಡನಪ್ಪ,” ಎಂದು ಒಳಗಿನಿಂದ ಅತ್ತೆಯ ದನಿ ಬಂತು. “ಇಟ್ಟು ಹೋಗು.”

ಆ ಮನುಷ್ಯ ಪೆಚ್ಚಾಗಿ ಕ್ರೇಟನ್ನೇ ನೋಡುತ್ತ ನಿಂತ. “ವಾಪಸ್ ತಗೊಂಡು ಹೋಗ್ಲಾ ಅಮ್ಮ? ನನಗೇನೂ ತೊಂದ್ರೆ ಇಲ್ಲ.”

“ಯಾರಿಗೆ ಅಂತ ಹೇಳಿದ್ದ?” ಅತ್ತೆ ಈಗ ಬಾಗಿಲಿಗೇ ಬಂದಿದ್ದರು.

“ಮನೆಯವರಿಗೆ ಅಂದ್ರು. ಮನೆಯವರಿಗೆ ಈಗ್ಲೇ ಗೊತ್ತಾಗ್ಬಾರ್ದು, ಒಂದೇ ಸಲ ತಂದು ಇಳಿಸು ಅಂದಿದ್ರು.”

ಮನೆಯವರು ಎಂದರೆ ಹೆಂಡತಿ. ಮನೆಯವರು ಎಂದರೆ ಮನೆಮಂದಿಯೆಲ್ಲ, ಅದರಲ್ಲೂ ತಾಯಿ ಮೊದಲು. ಇಬ್ಬರು ಹೆಂಗಸರೂ ಆ ಮಾತನ್ನು ತಂತಮ್ಮ ಕಡೆಗೆ ಎಳೆದುಕೊಂಡರು. ಅತ್ತೆ ಕೋಳಿಗಳ ನಡುವೆ ಬೆಳೆದವರು, ಆ ಕಥೆಗಳನ್ನು ಮಗನಿಗೆ ಎಷ್ಟು ಸಲ ಹೇಳಿದ್ದರೋ. ಸೊಸೆ ಮದುವೆಯಾದ ಹೊಸದರಲ್ಲಿ, ಅಂಗಡಿಯ ಮೊಟ್ಟೆ ಒಡೆದು ಅಡಿಗೆಮನೆಯೆಲ್ಲ ನಾರಿದ ದಿನ, ‘ನಮ್ಮದೇ ನಾಕು ಕೋಳಿ ಇದ್ದಿದ್ರೆ’ ಎಂದು ಒಂದೇ ಒಂದು ಸಲ ಅಂದಿದ್ದಳು. ಅವನು ನೆನಪಿಟ್ಟುಕೊಂಡಿದ್ದು ಯಾರ ಮಾತನ್ನು? ಬಿಡಿಸಿ ಕೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ. ಆ ಮನುಷ್ಯ ಕ್ರೇಟು ಬಿಟ್ಟು ಟೆಂಪೊ ಹತ್ತಿದ.

ಸೊಸೆಯ ಗಂಡ ಸಿಟಿ ಬಸ್ ಡ್ರೈವರ್ ಆಗಿದ್ದ. ಇಡೀ ದಿನ ಟ್ರಾಫಿಕ್ಕಿನಲ್ಲಿ ಬಸ್ಸು ಓಡಿಸಿದವನಿಗೆ ಏನೂ ಆಗಲಿಲ್ಲ, ಸಾವು ಬಂದಿದ್ದು ರಜೆಯ ದಿನ ಸ್ವಂತ ಮನೆಯ ಏಣಿಯ ಮೇಲೆ. ತಾರಸಿಯ ಟ್ಯಾಂಕು ಬೆಳಗಿನಿಂದ ತುಂಬಿ ಹರಿಯುತ್ತಿತ್ತು. “ಎಷ್ಟು ಹೊತ್ತಿಂದ ಹೇಳ್ತಿದೀನಿ, ಒಂಚೂರು ಹತ್ತಿ ನೋಡಬಾರ್ದಾ?” ಎಂದು ಸೊಸೆ ಅಡಿಗೆಮನೆಯಿಂದ ಕೂಗಿದ್ದಳು. ಅವನು ಅರ್ಧ ಓದಿದ ಪೇಪರು ಮಡಿಸಿಟ್ಟು ಎದ್ದ. ಟ್ಯಾಂಕಿನ ನೀರು ಹಿಂದೆಯೂ ಆಗಾಗ ಗೋಡೆಗುಂಟ ಇಳಿದು ಏಣಿಯ ಬುಡದಲ್ಲಿ ಪಾಚಿ ಕಟ್ಟಿತ್ತು. ಅವನು ಇಳಿಯುವಾಗ ಏಣಿ ಜಾರಿತು. ಆಸ್ಪತ್ರೆಯ ಕಾರಿಡಾರಿನಲ್ಲಿ, ಡಾಕ್ಟರು ತಲೆಯಾಡಿಸಿ ಹೋದ ಮೇಲೆ, ಅತ್ತೆ ಸೊಸೆಯ ಕಡೆಗೆ ತಿರುಗಿ, “ನೀನು ಹತ್ತು ಅನ್ನದೆ ಇದ್ದಿದ್ರೆ ನನ್ನ ಮಗ ಇರ್ತಿದ್ದ,” ಎಂದರು. ದನಿ ಏರಿಸಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವ ಹಾಗೆ ಹೇಳಿದರು. ಆ ಮಾತನ್ನು ಅವರು ಮತ್ತೆ ಯಾವತ್ತೂ ಎತ್ತಲಿಲ್ಲ. ವಾಪಸ್ಸೂ ತೆಗೆದುಕೊಳ್ಳಲಿಲ್ಲ.

ಅಂದಿನಿಂದ ಮನೆಯಲ್ಲಿ ಮಾತೆಂದರೆ ‘ಹಾಲು ಬಂತಾ’, ‘ಗ್ಯಾಸು ಮುಗೀತು’, ‘ಬಾಗಿಲು ಹಾಕ್ಕೋ’. ಅಷ್ಟೇ. ಸೊಸೆ ಪರದೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸಕ್ಕೆ ಹೋಗಿಬರುತ್ತಿದ್ದಳು. ಬಂದರೆ ಅತ್ತೆ ತಮ್ಮ ಕೋಣೆಯಲ್ಲಿ ದೀಪ ಹಾಕದೆ ಕೂತಿರುತ್ತಿದ್ದರು. ಬಡಿಸಿದರೆ ಉಣ್ಣುತ್ತಿದ್ದರು, ಬಡಿಸದಿದ್ದರೆ ಕೇಳುತ್ತಿರಲಿಲ್ಲ. ಸೊಸೆ ಜೋಡಿಮಂಚ ಬಿಟ್ಟು ನೆಲದಲ್ಲಿ ಮಲಗುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು.

ಕೋಳಿಗಳನ್ನು ಬಚ್ಚಲುಮನೆಗೆ ಬಿಟ್ಟಳು. ಬೇರೆಲ್ಲಿ ಬಿಡುವುದು? ಮರುದಿನ ಬೆಳಿಗ್ಗೆ ಅತ್ತೆ ಟವಲು ಹಿಡಿದು ಬಚ್ಚಲ ಬಾಗಿಲು ತೆಗೆದವರು ಹಾಗೇ ಮುಚ್ಚಿ ಹಿಂದಿರುಗಿದರು. ಒಂದು ಕೋಳಿ ಬಕೆಟ್ಟಿನ ಅಂಚಿನ ಮೇಲೆ, ಒಂದು ಸೋಪಿನ ಗೂಡಿನಲ್ಲಿ, ಉಳಿದವು ಸ್ನಾನದ ಸ್ಟೂಲಿನ ಸುತ್ತ.

“ಇವಕ್ಕೆ ಬಚ್ಚಲು ಬಿಟ್ಟುಕೊಟ್ಟು ನಾವೇನು ಬೀದಿ ನಲ್ಲೀಲಿ ಸ್ನಾನ ಮಾಡೋದಾ?” ಎಂದರು.

ಎಷ್ಟೋ ವಾರಗಳಲ್ಲಿ ಅತ್ತೆಯ ಬಾಯಿಂದ ಬಂದ ಅತಿ ಉದ್ದದ ಮಾತು ಅದು. ಸೊಸೆಗೆ ಅಷ್ಟೇ ಸಾಕಾಯಿತು. ಅಂದು ಅಂಗಡಿಗೆ ರಜೆ ಹೇಳಿ ಪಕ್ಕದ ಮನೆಯ ಪ್ಲಂಬರ್ ಹತ್ತಿರ ಗರಗಸ ಸುತ್ತಿಗೆ ಕೇಳಿ ತಂದಳು.

ಮರ ಎಲ್ಲಿಂದ ತರುವುದೆಂದು ಅವಳಿಗೆ ಯೋಚನೆಯೇ ಬೇಕಾಗಲಿಲ್ಲ. ಜೋಡಿಮಂಚದ ಹಾಸಿಗೆ ಎತ್ತಿ ಗೋಡೆಗೆ ಒರಗಿಸಿದಳು. ನಟ್ಟು ಬಿಚ್ಚಿದಳು. ಪಟ್ಟಿಗಳನ್ನು ಹೊತ್ತು ಹಿತ್ತಲಿಗೆ ಸಾಗಿಸುತ್ತಿದ್ದಾಗ ಅತ್ತೆ ನಡುಮನೆಯಲ್ಲಿ ಅಡ್ಡ ನಿಂತರು.

“ನನ್ನ ಮಗ ಮಲಗಿದ್ದ ಮಂಚ ಅದು.”

“ನಾನೂ ಮಲಗಿದ್ದೆ ಅತ್ತೆ.”

ಅತ್ತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಬಟ್ಟೆಯ ವಿಷಯದಲ್ಲಿ ಸೊಸೆಯ ಕೈ ಪಳಗಿದ್ದು, ಮರದ ವಿಷಯದಲ್ಲಿ ಅಲ್ಲ. ಟೇಪು ಹಿಡಿದು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅಭ್ಯಾಸಬಲದಿಂದ ಪ್ರತಿಯೊಂದು ಪಟ್ಟಿಗೂ ಹೊಲಿಗೆಗೆಂದು ಒಂದು ಬೆರಳಷ್ಟು ಹೆಚ್ಚಿಗೆ ಬಿಟ್ಟು ಕೊಯ್ದಳು. ಜೋಡಿಸಲು ಹೋದರೆ ಯಾವುದೂ ಒಂದಕ್ಕೊಂದು ಕೂರಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ ಅತ್ತೆಗೆ ತಡೆಯಲಾಗಲಿಲ್ಲ.

“ಯಾಕೆ, ಕೋಳಿ ದಪ್ಪ ಆದ್ರೆ ಹೊಲಿಗೆ ಬಿಚ್ಚಿ ಗೂಡು ಸಡಿಲ ಮಾಡ್ತೀಯಾ?”

ಸೊಸೆಗೆ ನಗು ಬಂತು. ನಕ್ಕ ಕೂಡಲೇ ಏನೋ ತಪ್ಪು ಮಾಡಿದವಳಂತೆ ಅತ್ತೆಯ ಮುಖ ನೋಡಿದಳು. ಅತ್ತೆ ಬೇರೆಲ್ಲೋ ನೋಡುತ್ತಿದ್ದರು. ಆದರೆ ಅಲ್ಲಿಂದ ಎದ್ದು ಹೋಗಲಿಲ್ಲ.

ಆಮೇಲೆ ಅತ್ತೆಯೇ ಹೇಳುತ್ತ ಹೋದರು, ಸೊಸೆ ಮಾಡುತ್ತ ಹೋದಳು. ಗೂಡು ನೆಲಕ್ಕೆ ತಾಗಬಾರದು, ತೇವ ಏರುತ್ತೆ, ಕಾಲು ಕೊಡು. ತಗಡಿನ ಮಾಡು ಹಿಂದಕ್ಕೆ ಇಳಿಜಾರು ಇರಲಿ. ಗಾಳಿಗೆ ಮೇಲುಗಡೆ ಕಿಂಡಿ ಬಿಡು, ಕೋಳಿ ಮೈಗೆ ನೇರ ಬಡಿಯಬಾರದು. ಮಲಗುವುದಕ್ಕೆ ಅಡ್ಡ ದಂಡ ಹಾಕು, ತೀರಾ ನಯ ಮಾಡಬೇಡ, ಕಾಲುಗುರಿಗೆ ಹಿಡಿತ ಸಿಗಬೇಕು. ಮೊಟ್ಟೆ ಗೂಡುಗಳು ಆ ದಂಡಕ್ಕಿಂತ ಕೆಳಗಿರಬೇಕು.

“ಯಾಕೆ?”

“ಎಲ್ಲಕ್ಕಿಂತ ಎತ್ತರದಲ್ಲಿ ಎಲ್ಲಿ ಜಾಗ ಇದೆಯೋ ಅಲ್ಲೇ ಮಲಗ್ತವೆ. ಮೊಟ್ಟೆ ಗೂಡು ಮೇಲಿಟ್ಟರೆ ಅದ್ರಲ್ಲೇ ಮಲಗಿ, ಅದ್ರಲ್ಲೇ ಹೇತು, ಬೆಳಿಗ್ಗೆ ಅದ್ರ ಮೇಲೇ ಮೊಟ್ಟೆ ಇಡ್ತವೆ. ನೀನು ತೊಳೀತಾ ಕೂತಿರು.”

ಮೊಟ್ಟೆ ಗೂಡಿಗೆ ಪೆಟ್ಟಿಗೆಗಳು ಬೇಕಿದ್ದವು. ಮಂಚದ ಪಟ್ಟಿ ಮುಗಿದಿತ್ತು. ನಾಳೆ ಹಣ್ಣಿನ ಅಂಗಡಿಯಲ್ಲಿ ಕೇಳೋಣ ಎಂದು ಸೊಸೆ ಕೈ ತೊಳೆಯುತ್ತಿದ್ದಾಗ ಒಳಗಿನಿಂದ ಏನನ್ನೋ ಎಳೆಯುವ ಸದ್ದು. ಅತ್ತೆ ಮಗನ ಕಪಾಟಿನ ಮೂರು ಡ್ರಾಯರ್ ಖಾನೆಗಳನ್ನು ಒಂದರ ಮೇಲೊಂದು ಪೇರಿಸಿ, ಎದೆಗೆ ಅವಚಿಕೊಂಡು ಬರುತ್ತಿದ್ದರು. ಖಾಲಿ ಖಾನೆಗಳು. ಹಿಂದೆ ಕೋಣೆಯಲ್ಲಿ ಅವನ ಕಾಲುಚೀಲ, ಬನಿಯನ್ನು, ಖಾಕಿ ಅಂಗಿಗಳು ಚಾಪೆಯ ಮೇಲೆ ನೀಟಾಗಿ ಮಡಿಸಿಟ್ಟಿದ್ದು ಕಾಣುತ್ತಿತ್ತು.

“ಇದು ಸಾಕಾ ನೋಡು,” ಎಂದರು. ಮುಖ ಕೊಡಲಿಲ್ಲ.

ಸಾಕಾಯಿತು. ಒಂದು ಕೋಳಿ ಆರಾಮಾಗಿ ಒಳಗೆ ಹೋಗಿ ತಿರುಗಿ ಕೂರುವಷ್ಟು ಅಗಲ. ಸೊಸೆ ಖಾನೆಗಳನ್ನು ನಿಲ್ಲಿಸಿ ಸಾಲಾಗಿ ಜೋಡಿಸಿ, ಹುಲ್ಲು ಹೊರಗೆ ಚೆಲ್ಲದಂತೆ, ಮೊಟ್ಟೆ ಉರುಳದಂತೆ, ಮುಂದೆ ಗೇಣಗಲದ ಪಟ್ಟಿ ಬಡಿದಳು. ಕತ್ತಲೆಯಿದ್ದರೆ ಕೋಳಿಗೆ ಧೈರ್ಯ ಎಂದು ಅತ್ತೆ ಹೇಳಿದ್ದಕ್ಕೆ ಅಂಗಡಿಯಲ್ಲಿ ಉಳಿದ ನೀಲಿ ಪರದೆಯ ಚೂರುಗಳನ್ನು ತಂದು ಮೂರಕ್ಕೂ ಇಳಿಬಿಟ್ಟಳು. ಅಂಚು ಮಡಿಸಿ ಹೊಲಿದೇ ತಂದಿದ್ದಳು.

“ಕೋಳಿಗೆ ಪರದೆ!” ಎಂದು ಪ್ಲಂಬರ್ ಬೇಲಿಯಾಚೆಯಿಂದ ನಕ್ಕ. “ಫ್ಯಾನು ಯಾವಾಗ ಹಾಕಿಸ್ತೀರಾ?” ನಕ್ಕರೂ, ಉಳಿದ ಕಬ್ಬಿಣದ ಜಾಲರಿ ತಂದುಕೊಟ್ಟು, ಗೂಡಿನ ಮುಂದೆ ಕೋಳಿಗಳು ಓಡಾಡಲು ಅಂಗಳದಷ್ಟು ಜಾಗಕ್ಕೆ ಸುತ್ತ ಬಿಗಿದುಕೊಟ್ಟ. ಬಗ್ಗಿ ಒಳಗೆ ಹೋಗುವಂಥ ಒಂದು ಬಾಗಿಲು. ಅದಕ್ಕೆ ದಪ್ಪನೆಯ ಚಿಲಕ. “ಬರೀ ಕೊಕ್ಕೆ ಹಾಕಿದ್ರೆ ನಾಯಿ ಮೂತಿಯಲ್ಲೇ ಎತ್ತಿಬಿಡ್ತವೆ,” ಎಂದ. “ಹಿಂದಿನ ಬೀದೀಲಿ ಮಾಂಸದ ಅಂಗಡಿ ಇದೆ, ಅಲ್ಲಿಯ ನಾಯಿಗಳಿಗೆ ರುಚಿ ಗೊತ್ತು. ಸಂಜೆ ಆದ್ರೆ ಚಿಲಕ ಹಾಕೋದು ಮರೀಬೇಡಿ.”

ಹೀಗೆ ಆ ಗೂಡು ನಿಂತಿತು. ಒಂದು ಕಡೆ ವಾಲಿತ್ತು. ಆದರೂ ನಿಂತಿತು.

ಮೊದಲ ಮೊಟ್ಟೆ ಬಂದ ದಿನ ಅತ್ತೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಅಡಿಗೆಮನೆಗೆ ಬಂದರು. ಚಿಕ್ಕದು, ತುದಿಯಲ್ಲಿ ರಕ್ತದ ಒಂದು ಎಳೆ. “ಬೆಚ್ಚಗಿದೆ, ಮುಟ್ಟು,” ಎಂದರು. ಸೊಸೆ ಮುಟ್ಟಿದಳು. ಇಬ್ಬರೂ ಅದನ್ನು ಬೇಯಿಸಿ ಅರ್ಧರ್ಧ ತಿಂದರು.

ಮೂರು ಗೂಡುಗಳಿದ್ದರೂ ಕೋಳಿಗಳಿಗೆಲ್ಲ ನಡುವಿನದೇ ಬೇಕು. ಒಂದು ಒಳಗೆ ಕೂತಿದ್ದರೆ ಉಳಿದವು ಹೊರಗೆ ಸಾಲುಗಟ್ಟಿ ಗೊಣಗುತ್ತಿದ್ದವು. ಅವುಗಳಲ್ಲಿ ಒಂದು ದೊಡ್ಡ ಬಾಯಿಯ ಕೋಳಿ ಎಲ್ಲವನ್ನೂ ಕುಕ್ಕಿ ತಳ್ಳಿ ಒಳಕ್ಕೆ ನೂಕುತ್ತಿತ್ತು. ಅತ್ತೆ ಅದಕ್ಕೆ ಕಂಡಕ್ಟರ್ ಎಂದು ಹೆಸರಿಟ್ಟರು. “ಮುಂದೆ ಹೋಗ್ರೀ, ಮುಂದೆ ಹೋಗ್ರೀ, ಮುಂದೆ ಜಾಗ ಖಾಲಿ ಇದೆ,” ಎಂದು ಅದರ ಪರವಾಗಿ ತಾವೇ ಕೂಗುತ್ತಿದ್ದರು. ಮನೆಯಲ್ಲಿ ಮತ್ತೆ ಮನುಷ್ಯರ ದನಿ ಕೇಳತೊಡಗಿತ್ತು. ಸೊಸೆ ಅಂಗಡಿಯಿಂದ ಬಂದರೆ ಅತ್ತೆ ‘ಇವತ್ತು ನಾಕು’ ಎಂದೋ ‘ಕಂಡಕ್ಟರ್ ಇವತ್ತು ಮುನಿಸ್ಕೊಂಡಿದಾಳೆ’ ಎಂದೋ ಹೇಳುತ್ತಿದ್ದರು. ಅವಳಿಗಾಗಿ ಅನ್ನ ಮುಚ್ಚಿಟ್ಟಿರುತ್ತಿದ್ದರು.

ಸಂಜೆಯ ಹೊತ್ತು ಅತ್ತೆ ಒಂದು ಬಕೆಟ್ಟು ಮಗುಚಿ ಹಾಕಿಕೊಂಡು ಜಾಲರಿಯ ಒಳಗೇ ಕೂತುಬಿಡುತ್ತಿದ್ದರು. ಕೋಳಿಗಳು ದಂಡದ ಮೇಲೆ ಹತ್ತಿ ಕೂರುವವರೆಗೂ ಅವುಗಳ ಜೊತೆ ಮಾತು. ಒಂದು ದಿನ ಸೊಸೆ ಬೇಗ ಬಂದವಳು ಹಿತ್ತಲಿಗೆ ಬಟ್ಟೆ ತೆಗೆಯಲು ಹೋದಳು. ಒಣಗಿದ ಬೆಡ್‌ಶೀಟಿನ ಈಚೆ ಅವಳು, ಆಚೆ ಗೂಡಿನಲ್ಲಿ ಅತ್ತೆ.

“ಕೆಟ್ಟವಳೇನಲ್ಲ ಕಣೇ,” ಎನ್ನುತ್ತಿದ್ದರು ಅತ್ತೆ ಕಂಡಕ್ಟರಿಗೆ. “ನನ್ನನ್ನ ಚೆನ್ನಾಗೇ ನೋಡ್ಕೋತಾಳೆ. ಆದ್ರೆ ಏನು ಮಾಡ್ಲಿ ಹೇಳು. ಅವಳ ಮುಖ ನೋಡಿದಾಗೆಲ್ಲ ನಂಗೆ ಆ ಏಣಿ ಕಾಣುತ್ತೆ. ಬೆಳಿಗ್ಗೆ ಎದ್ದ ತಕ್ಷಣ ಏಣಿ, ಊಟ ಬಡಿಸುವಾಗ ಏಣಿ. ನಿಮ್ಮ ಜೊತೆ ಇದ್ದಾಗ ಅಷ್ಟೇ ಕಾಣಲ್ಲ.”

ಸೊಸೆ ಬಟ್ಟೆಗಳನ್ನು ತಂತಿಯ ಮೇಲೇ ಬಿಟ್ಟು ಸದ್ದು ಮಾಡದೆ ಒಳಗೆ ಬಂದಳು. ನಲ್ಲಿ ತಿರುಗಿಸಿ ಪಾತ್ರೆ ತೊಳೆಯಲು ನಿಂತಳು. ತೊಳೆದ ಪಾತ್ರೆಯನ್ನೇ ಮತ್ತೆ ಮತ್ತೆ ತೊಳೆದಳು. ಅತ್ತೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಕನ್ನಡಿ ನೋಡಿಕೊಂಡರೆ ಅವಳಿಗೂ ಅದೇ ಕಾಣುತ್ತಿತ್ತು. ಆ ಬೆಳಿಗ್ಗೆ ತಾನು ಕೂಗಿದ ಮಾತನ್ನು ಅವಳು ಎಷ್ಟು ಬಗೆಯಲ್ಲಿ ಬದಲಿಸಿ ನೋಡಿದ್ದಳೋ! ‘ಪ್ಲಂಬರಿಗೆ ಹೇಳಿ’ ಎಂದಿದ್ದರೆ. ‘ಹೋಗಲಿ ಬಿಡಿ’ ಎಂದಿದ್ದರೆ. ಹಲ್ಲು ಉಜ್ಜುವಾಗ, ಬಟ್ಟೆಗೆ ಕತ್ತರಿ ಹಾಕುವಾಗ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಅದೇ. ಇಂಥದ್ದೊಂದು ಶಿಕ್ಷೆ ಶತ್ರುವಿಗೂ ಬೇಡ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು.

ಹೊಸ ಹೋಟೆಲಿನ ಕೋಣೆಗಳಿಗೆಲ್ಲ ಪರದೆ ಹೊಲಿಯುವ ಕೆಲಸ ಅಂಗಡಿಗೆ ಬಂದದ್ದು ಆ ದಿನಗಳಲ್ಲೇ. ಸೊಸೆ ಮನೆ ಸೇರುವುದು ತಡವಾಗುತ್ತಿತ್ತು. ಅಂಥದ್ದೊಂದು ದಿನ ಅವಳು ಬಂದಾಗ ಅತ್ತೆ ಆಗಲೇ ಹಾಸಿಗೆ ಸೇರಿದ್ದರು.

“ಚಿಲಕ ಹಾಕಿದ್ರಾ ಅತ್ತೆ?”

“ಹ್ಞೂಂ, ಹಾಕಿದೆ. ನಂಗೆ ಶಾಲು ಸಿಗ್ತಿಲ್ಲ, ನಿನ್ನ ಹೊದಿಕೆ ಒಂದು ಕೊಡು.”

ಸೊಸೆ ಹೊದಿಕೆ ಕೊಟ್ಟಳು. ಉಂಡಳು. ಕಾಲು ಕಿತ್ತು ಬರುವಷ್ಟು ನೋಯುತ್ತಿತ್ತು, ಹಿತ್ತಲಿಗೆ ಹೋಗಿ ನೋಡಲಿಲ್ಲ.

ಬೆಳಿಗ್ಗೆ ಅವಳನ್ನು ಎಬ್ಬಿಸಿದ್ದು ಸದ್ದಲ್ಲ, ಸದ್ದಿಲ್ಲದಿರುವುದು. ದಿನಾ ಬೆಳಕು ಹರಿಯುವ ಮೊದಲೇ ಕಂಡಕ್ಟರ್ ಬಾಯಿ ಮಾಡುತ್ತಿತ್ತು. ಹಿತ್ತಲ ಬಾಗಿಲು ತೆಗೆದರೆ ಅಂಗಳದ ತುಂಬ ಪುಕ್ಕ. ದಿಂಬು ಹರಿದು ಕೊಡವಿದ ಹಾಗೆ. ಕಾಂಪೌಂಡಿನ ಹತ್ತಿರ ಒಂದು ಕೋಳಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಎರಡು. ನಾಯಿಗಳು ತಿಂದಿರಲಿಲ್ಲ, ಬರೀ ಕೊಡವಿ ಬಿಸಾಕಿದ್ದವು. ಜಾಲರಿಯೊಳಗೆ ಇನ್ನೆರಡು, ಅದರಲ್ಲೊಂದು ಕಂಡಕ್ಟರ್. ನೀಲಿ ಪರದೆಯೊಂದು ಹರಿದು ನೆಲದಲ್ಲಿ ಬಿದ್ದಿತ್ತು. ಕೊನೆಯದೊಂದು ಮೂಲೆಯ ಮೊಟ್ಟೆ ಗೂಡಿನಲ್ಲಿ ತಲೆ ಹುದುಗಿಸಿ ನಡುಗುತ್ತಿತ್ತು. ಬಾಲದ ಪುಕ್ಕವೆಲ್ಲ ಕಿತ್ತು ಹೋಗಿತ್ತು.

ಜಾಲರಿ ಎಲ್ಲೂ ಹರಿದಿರಲಿಲ್ಲ. ಬಾಗಿಲು ಪೂರಾ ತೆರೆದಿತ್ತು. ಚಿಲಕ ಮುರಿದಿರಲಿಲ್ಲ, ಬಗ್ಗಿರಲಿಲ್ಲ. ಸುಮ್ಮನೆ ಹಿಂದಕ್ಕೆ ಎಳೆದ ಹಾಗೇ ಇತ್ತು. ಮಗುಚಿದ ಬಕೆಟ್ಟಿನ ಮೇಲೆ ಅತ್ತೆಯ ಬೂದು ಶಾಲು ಮಡಿಸಿಟ್ಟಿತ್ತು.

ಸೊಸೆ ಅದನ್ನು ನೋಡುತ್ತ ನಿಂತಳು. ಹಿಂದೆ ಚಪ್ಪಲಿಯ ಸದ್ದು ಕೇಳಿದಾಗ, ಯಾಕೆಂದು ತನಗೇ ತಿಳಿಯುವ ಮೊದಲು, ಶಾಲನ್ನು ಎತ್ತಿ ಉಂಡೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡಳು.

“ಏನಾಯ್ತೇ?” ಅತ್ತೆ ಮೆಟ್ಟಿಲ ಮೇಲೆ ನಿಂತಿದ್ದರು. ಅಂಗಳ ನೋಡಿದರು. ಗೂಡು ನೋಡಿದರು. ಆಮೇಲೆ ಚಿಲಕ. ಅವರ ಕಣ್ಣು ಚಿಲಕದ ಮೇಲೆಯೇ ನಿಂತಿತು. ಬಾಯಿ ಸಣ್ಣಗೆ ಅದುರತೊಡಗಿತು. “ನಿನ್ನೆ ನಾನು… ನಾನು ಒಳಗೆ ಕೂತಿದ್ದೆ. ಫೋನು ಬಂತು ಅಂತ ಎದ್ದು ಹೋದೆ… ಆಮೇಲೆ…”

ಆ ಮುಖದಲ್ಲಿ ಏನು ಬರುತ್ತಿದೆ ಎಂದು ಸೊಸೆಗೆ ಗೊತ್ತಿತ್ತು. ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಲು ಸಾಧ್ಯ? ಇನ್ನೊಂದು ಗಳಿಗೆ ಬಿಟ್ಟರೆ ಅದು ಒಳಗಿಳಿದು ಬೇರು ಬಿಡುತ್ತದೆ. ಈ ವಯಸ್ಸಿನಲ್ಲಿ, ಮಗ ಹೋದ ಮೇಲೆ, ಮಗ ತರಿಸಿದ ಕೋಳಿಗಳೂ ತನ್ನ ಕೈಯಿಂದಲೇ ಹೋದವು ಎಂದು ಈ ಜೀವ ಹೇಗೆ ಹೊರುತ್ತದೆ?

“ನಾನೇ ಅತ್ತೆ,” ಎಂದಳು. “ನೀವು ಚಿಲಕ ಹಾಕಿದ್ರಿ. ನಾನು ಬಂದ ಮೇಲೆ ನೀರಿಡೋಕೆ ಅಂತ ತೆಗೆದೆ. ವಾಪಸ್ ಹಾಕೋದು ಮರೆತೆ.”

ಅತ್ತೆಯ ಮುಖ ಒಮ್ಮೆಗೇ ಸಡಿಲವಾಯಿತು. ಉಸಿರು ಹೊರಗೆ ಬಂತು. ಅದು ಸೊಸೆಗೆ ಸ್ಪಷ್ಟವಾಗಿ ಕಂಡಿತು. ಆ ಒಂದು ಗಳಿಗೆ ತಾನು ಮಾಡಿದ್ದು ಸರಿ ಎಂದೇ ಅವಳಿಗೆ ಅನ್ನಿಸಿತು. ಮರುಗಳಿಗೆ ಅದೇ ಮುಖ ಬಿಗಿಯಿತು, ಕಾರಿಡಾರಿನಲ್ಲಿ ಬಿಗಿದ ಹಾಗೆಯೇ.

“ನೀನಾ,” ಎಂದರು ಅತ್ತೆ. “ಮತ್ತೆ ನೀನೇನಾ.”

“ಅತ್ತೆ…”

“ಒಂದು ಕೈಯಿಂದ ಕಟ್ಟಿದೆ, ಇನ್ನೊಂದು ಕೈಯಿಂದ ತೆಗೆದೆ. ನನ್ನದು ಅಂತ ಏನು ಇದ್ರೂ ನಿನ್ನ ಕೈಗೆ ಸಿಕ್ಕರೆ ಉಳಿಯಲ್ಲ.” ಅವರು ಮೆಟ್ಟಿಲಿಳಿದು ಬಂದು ಕಂಡಕ್ಟರನ್ನು ಎತ್ತಿಕೊಂಡರು. ಅದರ ಕತ್ತು ತೋಳಿನಿಂದ ಕೆಳಗೆ ಜೋತಾಡಿತು. ಎಡಗೈಯಲ್ಲಿ ಅದನ್ನು ಮೇಲೆತ್ತಿ ಹಿಡಿದು, ಮಗುವಿನ ತಲೆಗೆ ಆಸರೆ ಕೊಡುವ ಹಾಗೆ ಕೊಟ್ಟು, ಅಲ್ಲೇ ಬಕೆಟ್ಟಿನ ಮೇಲೆ ಕೂತರು. “ನನ್ನ ಮಗ ನನಗೆ ಅಂತ ತರಿಸಿದ್ದ,” ಎಂದರು.

ಕೋಳಿ ಬಂದ ದಿನದಿಂದ ಇಬ್ಬರೂ ಬಾಯಿಬಿಟ್ಟು ಹೇಳದೆ ಇದ್ದ ಮಾತು ಅದು. ಸೊಸೆ ಅದನ್ನೂ ಬಿಟ್ಟುಕೊಟ್ಟಳು. “ಹೌದು ಅತ್ತೆ, ನಿಮಗೇ,” ಎಂದಳು.

ಮಣ್ಣು ಮಾಡಲು ಪ್ಲಂಬರ್ ಗುದ್ದಲಿ ತಂದ. ಹಿತ್ತಲ ಮೂಲೆಯಲ್ಲಿ ಗುಂಡಿ ತೋಡುತ್ತ, ಅತ್ತೆ ಒಳಗೆ ಹೋದದ್ದು ನೋಡಿಕೊಂಡು ದನಿ ತಗ್ಗಿಸಿದ. “ನಿನ್ನೆ ಸಂಜೆ ನಾನು ನೋಡಿದ್ನಲ್ಲ ಅಕ್ಕ. ಅಮ್ಮ ಒಳಗೆ ಕೂತಿದ್ರು. ಫೋನು ಅಂತ ಎದ್ದು ಹೋದ್ರು. ನೀವು ಬಂದ ಮೇಲೆ ಹಿತ್ತಲ ಲೈಟೇ ಹಾಕ್ಲಿಲ್ಲ.”

“ಹಾಕದೆ ಬಂದಿದ್ದೆ,” ಎಂದಳು ಸೊಸೆ.

“ಅಕ್ಕ…”

“ಕತ್ತಲಲ್ಲೇ ಬಂದಿದ್ದೆ. ನೀನು ನೋಡಿಲ್ಲ.”

ಅವನು ಮತ್ತೆ ಗುದ್ದಲಿ ಎತ್ತಿದ. ಮುಂದೆ ಯಾರ ಹತ್ತಿರವೂ ಆ ಮಾತು ಎತ್ತಲಿಲ್ಲ. ಒಳ್ಳೆಯ ಮನುಷ್ಯ.

ಅತ್ತೆ ಅಂದು ಉಣ್ಣಲಿಲ್ಲ. ಮರುದಿನವೂ ಇಲ್ಲ. ಮಗಳಿಗೆ ತಾವೇ ಫೋನು ಮಾಡಿದರು. ನಾದಿನಿಯ ಮನೆ ರೈಲಿನಲ್ಲಿ ಅರ್ಧ ದಿನದ ದಾರಿ. ಅವಳು ಬಂದವಳೇ ತಾಯಿಯ ಸಾಮಾನುಗಳನ್ನು ಎರಡು ಬ್ಯಾಗಿಗೆ ತುಂಬಿದಳು. ಸೊಸೆ ಒಗೆದು ಒಣಗಿಸಿದ ಬೂದು ಶಾಲನ್ನು ತಂದು ಮೇಲಿಟ್ಟಳು.

“ಬೇಜಾರು ಮಾಡ್ಕೋಬೇಡಿ ಅತ್ತಿಗೆ,” ಎಂದಳು ನಾದಿನಿ. “ಅಮ್ಮನಿಗೆ ಇಲ್ಲಿ ಇರೋಕಾಗ್ತಿಲ್ಲ. ನಿಮ್ಮ ಜೊತೆ ಒಂದೇ ಸೂರಿನಡಿ ಇದ್ರೆ ಹುಚ್ಚು ಹಿಡಿಯುತ್ತೆ ಅಂತಾರೆ. ನೀವೂ ಸ್ವಲ್ಪ ಜವಾಬ್ದಾರಿ… ಹೋಗ್ಲಿ ಬಿಡಿ, ಆಗಿದ್ದು ಆಯ್ತು.”

ಒಂದು ಮಾತು ಸಾಕಿತ್ತು. ಸೊಸೆಯ ನಾಲಿಗೆಯ ತುದಿಗೇ ಬಂದಿತ್ತು. ಗೇಟಿನವರೆಗೆ ಬ್ಯಾಗು ಹೊತ್ತುಕೊಂಡು ಹೋಗುವಾಗಲೂ ಅಲ್ಲೇ ಇತ್ತು. ಆಟೊದಲ್ಲಿ ಕೂತ ಅತ್ತೆ ನೇರ ಮುಂದಕ್ಕೆ ನೋಡುತ್ತಿದ್ದರು. ಈ ಎರಡು ದಿನದಲ್ಲಿ ಕೆನ್ನೆ ಇಳಿದುಹೋಗಿತ್ತು. ಆದರೆ ಆ ಕಣ್ಣುಗಳಲ್ಲಿ ಇದ್ದದ್ದು ದುಃಖ, ಸಿಟ್ಟು. ತನ್ನ ಕಣ್ಣುಗಳಲ್ಲಿ ಇರುವಂಥದ್ದು ಅಲ್ಲಿ ಇರಲಿಲ್ಲ. ಸೊಸೆ ಬ್ಯಾಗನ್ನು ಅವರ ಕಾಲ ಬಳಿ ಇಟ್ಟು ಹಿಂದೆ ಸರಿದಳು.

ಉಳಿದ ಒಂದು ಕೋಳಿ ಗೂಡಿನಿಂದ ಹೊರಗೆ ಬರಲೇ ಇಲ್ಲ. ಕಾಳು ಹಾಕಿದರೆ ಮುಟ್ಟಲಿಲ್ಲ, ದಂಡದ ಮೇಲೂ ಹತ್ತಲಿಲ್ಲ. ಕೋಳಿಗೆ ಒಂಟಿ ಇರಲಾಗುವುದಿಲ್ಲ ಎಂದು ಅತ್ತೆ ಯಾವತ್ತೋ ಹೇಳಿದ್ದರು. ಸೊಸೆ ಅದನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಫಾರ್ಮಿನವನಿಗೇ ವಾಪಸ್ ಕೊಟ್ಟುಬಂದಳು. ಅವನು ಹಳೆಯ ಕೋಳಿಗಳ ಗುಂಪಿಗೆ ಬಿಟ್ಟ. ಬಾಲವಿಲ್ಲದ ಹೊಸಬಳನ್ನು ಅವೆಲ್ಲ ಸುತ್ತುವರಿದು ಕುಕ್ಕತೊಡಗಿದವು. “ಸ್ವಲ್ಪ ದಿನ ಹಂಗೇ, ಆಮೇಲೆ ಸೇರ್ಕೋತವೆ,” ಎಂದ. ಸೊಸೆ ನೋಡುತ್ತ ನಿಲ್ಲಲಿಲ್ಲ.

ಮನೆಯಲ್ಲಿ ಈಗ ಅವಳೊಬ್ಬಳೇ. ಮೊದಲ ತಿಂಗಳು ನಾದಿನಿಗೆ ಆಗಾಗ ಫೋನು ಮಾಡಿದಳು. “ಮಲಗಿದಾರೆ,” “ಸ್ನಾನಕ್ಕೆ ಹೋಗಿದಾರೆ,” “ಈಗ ತಾನೇ ಊಟಕ್ಕೆ ಕೂತ್ರು.” ಅತ್ತೆ ಫೋನಿಗೆ ಬರಲಿಲ್ಲ. ಆದರೆ ಹಿಂದಿನಿಂದ ಅವರ ದನಿ ಕೇಳುತ್ತಿತ್ತು, ಮೊಮ್ಮಕ್ಕಳನ್ನು ಗದರಿಸುವ ದನಿ. ಆರೋಗ್ಯವಾಗಿದ್ದಾರೆ ಎಂದು ಅದರಿಂದಲೇ ತಿಳಿದುಕೊಳ್ಳುತ್ತಿದ್ದಳು.

ಹೋಟೆಲಿನ ಪರದೆಗಳು ಮುಗಿದ ಮೇಲೆ ಎರಡು ದಿನ ರಜೆ ಸಿಕ್ಕಿತು. ಯಾರಿಗೂ ಹೇಳದೆ ರೈಲು ಹತ್ತಿದಳು. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಳು. ನಿಜ ಹೇಳುವುದಲ್ಲ. ಅದನ್ನು ಅವಳು ಯಾವತ್ತೋ ಬಿಟ್ಟಿದ್ದಳು. ‘ಬನ್ನಿ ಅತ್ತೆ, ನಮ್ಮ ಮನೆಗೆ ಹೋಗೋಣ’ ಎಂದಷ್ಟೇ. ಬೈಯಲಿ. ದಿನಾ ಬೈಯಲಿ. ಏಣಿ ಎನ್ನಲಿ, ಕೋಳಿ ಎನ್ನಲಿ. ಬೈಯುವ ದನಿಯಾದರೂ ಮನೆಯಲ್ಲಿರಲಿ.

ಅತ್ತೆಯೇ ಬಾಗಿಲು ತೆಗೆದರು. ಮೈ ತುಂಬಿಕೊಂಡಿತ್ತು, ತಲೆ ನೀಟಾಗಿ ಬಾಚಿತ್ತು. ಸೊಸೆಯ ಗುರುತು ಕೂಡಲೇ ಸಿಕ್ಕಿತು, ಆದರೂ ಬೆಚ್ಚಲಿಲ್ಲ, ಮುಖ ಸಿಂಡರಿಸಲಿಲ್ಲ. ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದರು.

“ಓ, ನೀವಾ,” ಎಂದರು. “ಬನ್ನಿ, ಕೂತ್ಕೊಳ್ಳಿ.”

ಸೊಸೆ ಹೊಸ್ತಿಲಲ್ಲೇ ನಿಂತುಬಿಟ್ಟಳು. ಇಷ್ಟು ವರ್ಷದಲ್ಲಿ, ಮಗ ಹೋದ ದಿನ ಕೂಡ, ಅತ್ತೆ ಅವಳನ್ನು ‘ನೀನು’ ಬಿಟ್ಟು ಬೇರೆ ಏನೂ ಅಂದಿರಲಿಲ್ಲ.

“ಯಾಕೆ ಅಲ್ಲೇ ನಿಂತ್ರಿ? ಒಳಗೆ ಬನ್ನಿ. ಇವಳು ಅಂಗಡಿಗೆ ಹೋಗಿದಾಳೆ, ಈಗ ಬರ್ತಾಳೆ. ಟೀ ಕುಡೀತೀರಾ?”

“ಕುಡೀತೀನಿ,” ಎಂದಳು ಸೊಸೆ.

ಅತ್ತೆ ಟೀ ತಂದು ಕೊಟ್ಟರು. ತಟ್ಟೆಯಲ್ಲಿ ನಾಲ್ಕು ಬಿಸ್ಕತ್ತು ಜೋಡಿಸಿದ್ದರು, ಬಂದವರಿಗೆ ಜೋಡಿಸುವ ಹಾಗೆ. ಎದುರಿಗೆ ಕುರ್ಚಿಯ ತುದಿಯಲ್ಲಿ ಕೂತು ರೈಲಿನಲ್ಲಿ ಜನ ಇದ್ದರೇ ಎಂದು ಕೇಳಿದರು. ಇತ್ತೀಚೆಗೆ ಸೆಕೆ ಜಾಸ್ತಿ ಎಂದರು. ಸೊಸೆ ಹೌದು ಎಂದಳು. ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದನ್ನೂ ಇವರ ಮುಂದೆ ಇಡುವಂತಿರಲಿಲ್ಲ. ಅವೆಲ್ಲ ಬೈಯುವ ಅತ್ತೆಗೆ ಹೇಳುವ ಮಾತುಗಳು.

ನಾದಿನಿ ಬರುವವರೆಗೂ ಅವಳು ಕಾಯಲಿಲ್ಲ. ಲೋಟ ತೊಳೆದಿಡಲು ಎದ್ದರೆ ಅತ್ತೆ, “ಬಿಡಿ, ನಾನು ನೋಡ್ಕೋತೀನಿ,” ಎಂದು ಕೈಯಿಂದ ತೆಗೆದುಕೊಂಡರು. ಗೇಟಿನವರೆಗೆ ಬಂದು, “ಹುಷಾರಾಗಿ ಹೋಗಿ,” ಎಂದರು.

ಸ್ಟೇಷನ್ನಿನಲ್ಲಿ ರೈಲಿಗೆ ಇನ್ನೂ ಹೊತ್ತಿತ್ತು. ಸೊಸೆ ಬೆಂಚಿನ ಮೇಲೆ ಕೂತಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮಾತಿಗೆಳೆಯಲು, “ನೆಂಟರ ಮನೆಗೆ ಬಂದಿದ್ರಾ?” ಎಂದು ಕೇಳಿದಳು.

ಸೊಸೆ ಹೌದೆಂದು ತಲೆಯಾಡಿಸಿದಳು.